ಹಳೇ ಬಿಬಿಸಿ ಮೈಕ್ರೋಗೆ ಕನ್ನಡದ ಕೆಲಸ

ಒತ್ತಿದ ಕೀಲಿಯನ್ನು ತಂತಿಗೆ ದಾಟಿಸಬೇಕು, ತಂತಿಯಲ್ಲಿ ಬಂದದ್ದನ್ನು ಪರದೆಗೆ ಹಾಕಬೇಕು. ಟರ್ಮಿನಲ್ಲಿನ ಕಸುಬು ಇಷ್ಟೇ. ಲೆಕ್ಕ, ಕಡತ, ನೆನಪು ಎಲ್ಲವೂ ಆ ತುದಿಯಲ್ಲಿರುವ ಯಂತ್ರದ ಪಾಡು. ರೈಲ್ವೆ ಮುಂಗಡ ಟಿಕೆಟ್ ಕೌಂಟರಿನಲ್ಲಿ ಕಪ್ಪು ಪರದೆ ದಿಟ್ಟಿಸುತ್ತ ಸರದಿಯಲ್ಲಿ ನಿಂತವರಿಗೆ ಇದರ ಮುಖಪರಿಚಯವಿದೆ. 1995ರಲ್ಲಿ ವಿಎಸ್‌ಎನ್‌ಎಲ್ ಇಂಟರ್ನೆಟ್ ತಂದಾಗ ವಿದ್ಯಾರ್ಥಿಗಳಿಗೆ ಸಿಕ್ಕಿದ್ದೂ ಬರೀ ಅಕ್ಷರದ ಖಾತೆ. ಅಲ್ಲಿ ಒಳ್ಳೊಳ್ಳೆಯ ಪಿ.ಸಿ.ಗಳೇ ಟರ್ಮಿನಲ್ಲಿನ ವೇಷ ಹಾಕಿ ಕೂರಬೇಕಿತ್ತು.

ಕಸುಬು ಇಷ್ಟು ಸಣ್ಣದಾದ್ದರಿಂದಲೇ ನಲವತ್ತು ವರ್ಷ ದಾಟಿದ ಮನೆ ಕಂಪ್ಯೂಟರಿಗೂ ಅದು ಒಗ್ಗುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ತಕ್ಕ ಯಂತ್ರವೆಂದರೆ ಬಿಬಿಸಿ ಮೈಕ್ರೋ. ಬ್ರಿಟನ್ನಿನ ಏಕಾರ್ನ್ ಕಂಪನಿ ಅದನ್ನು ಹೊರತಂದದ್ದು 1981ರ ಡಿಸೆಂಬರಿನಲ್ಲಿ. ಕೇಂದ್ರ ಸರ್ಕಾರ 1984ರಲ್ಲಿ ‘ಕ್ಲಾಸ್’ ಯೋಜನೆಯಡಿ ಶಾಲೆಗಳಿಗೆ ಕಂಪ್ಯೂಟರ್ ಹಂಚಲು ಹೊರಟಾಗ ಆರಿಸಿಕೊಂಡದ್ದು ಇದನ್ನೇ. ಮೊದಲ ಕಂತಿನಲ್ಲಿ 250 ಶಾಲೆಗಳು. ಚಪ್ಪಲಿ ಹೊರಗೆ ಬಿಟ್ಟು ದೇವರಕೋಣೆ ಹೊಕ್ಕಂತೆ ಕಂಪ್ಯೂಟರ್ ಕೋಣೆ ಹೊಕ್ಕವರು ಆ ಕಾಲದವರು. 2 ಮೆಗಾಹರ್ಟ್ಸ್‌ನ 6502 ಪ್ರೊಸೆಸರ್, 32 ಕೆ.ಬಿ. ಮೆಮೊರಿ. ಇವತ್ತು ವಾಟ್ಸ್ಯಾಪಿನಲ್ಲಿ ಬರುವ ಶುಭೋದಯದ ಚಿತ್ರವೇ ಅದಕ್ಕಿಂತ ದೊಡ್ಡದು.

ಅಂಥದೊಂದು ಎಲ್ಲೋ ಉಗ್ರಾಣದ ಮೂಲೆಯಲ್ಲಿ ಸಿಕ್ಕಿತೆನ್ನಿ. ಖುಷಿಯಲ್ಲಿ ಪ್ಲಗ್ ಚುಚ್ಚಿಬಿಡಬೇಡಿ. ಅದರ ಪವರ್ ಸಪ್ಲೈಯಲ್ಲಿ ರಿಫಾ ಎಂಬ ಹಳದಿ ಕೆಪಾಸಿಟರುಗಳಿರುತ್ತವೆ. ವರ್ಷ ಕಳೆದಂತೆ ಅವುಗಳ ಮೈ ಬಿರುಕುಬಿಟ್ಟು, ಒಳಗಿನ ಕಾಗದ ಗಾಳಿಯ ತೇವ ಹೀರಿಕೊಳ್ಳುತ್ತದೆ. ಒಂದು ದಿನ ಕರೆಂಟು ಕೊಟ್ಟ ಕೆಲ ನಿಮಿಷಕ್ಕೇ ಪಟ್ ಎಂದು ಸಿಡಿದು ಮನೆಯೆಲ್ಲ ಘಾಟು ಹೊಗೆ. ಮಳೆಗಾಲದಲ್ಲಿ ಹಪ್ಪಳವೂ ಮೆತ್ತಗಾಗುವ ಊರಲ್ಲಿ ಈ ಕೆಪಾಸಿಟರನ್ನು ನಂಬುವ ಹಾಗೇ ಇಲ್ಲ. ಕೈ ಪಳಗಿದ ಟಿ.ವಿ. ರಿಪೇರಿಯವರಿಂದ ಹೊಸದು ಬೆಸುಗೆ ಹಾಕಿಸುವುದು ಮೊದಲ ಕೆಲಸ.

ಎರಡನೆಯದು ತಂತಿ. ಯಂತ್ರದ ಹಿಂಬದಿಯಲ್ಲಿ ಐದು ಪಿನ್ನಿನ ದುಂಡನೆ ಸಾಕೆಟ್ ಇದೆ, ಆರ್‌ಎಸ್-423. ಪ್ಲಗ್ಗು ಮೇಲೆ ಕೆಳಗಾಗಿಯೂ ಕೂರುತ್ತದೆ. ಕೂತಿದೆ, ಆದರೂ ಮಾತಾಡುತ್ತಿಲ್ಲ ಎಂದರೆ ತಿರುಗಿಸಿ ಹಾಕಿ. ಆ ತುದಿಗೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಆಗಬಹುದು, ಲಿನಕ್ಸ್ ಹಾಕಿದ ಹಳೇ ಲ್ಯಾಪ್‌ಟಾಪೂ ಆಗಬಹುದು. ನಡುವೆ ಯುಎಸ್‌ಬಿ–ಸೀರಿಯಲ್ ಕೇಬಲ್. ಪೈನ ಪಿನ್ನಿಗೆ ನೇರವಾಗಿ ಸಿಕ್ಕಿಸಿದರೆ ಪೈ ಸುಟ್ಟೀತು: ಅದರದ್ದು 3.3 ವೋಲ್ಟಿನ ಸಂಕೇತ, ಬಿಬಿಸಿಯದ್ದು ಸೊನ್ನೆಯ ಆಚೀಚೆ 5 ವೋಲ್ಟ್ ತೂಗುವಂಥದ್ದು.

ಇನ್ನು ಬಿಬಿಸಿಯಲ್ಲಿ *ಎಫ್‌ಎಕ್ಸ್ 7,7 ಮತ್ತು *ಎಫ್‌ಎಕ್ಸ್ 8,7 ಎಂದು ಟೈಪಿಸಿದರೆ ಹೋಗುವುದೂ ಬರುವುದೂ 9600 ಬಾಡ್. ಒಂದು ಅಕ್ಷರಕ್ಕೆ ಆರಂಭ, ಅಂತ್ಯ ಸೇರಿ ಹತ್ತು ಬಿಟ್, ಹಾಗಾಗಿ ಸೆಕೆಂಡಿಗೆ 960 ಅಕ್ಷರ. ಎಂಬತ್ತು ಕಾಲಂ, ಇಪ್ಪತ್ತೈದು ಸಾಲಿನ ಪರದೆ ತುಂಬಲು ಎರಡು ಸೆಕೆಂಡು ಚಿಲ್ಲರೆ. ಓದಲು ಇದು ಧಾರಾಳ ಸಾಕು. ಯಂತ್ರ ಸುಸ್ತಾದರೆ ‘ತಡಿ’ ಎನ್ನಲು ಬೇರೆಯೇ ತಂತಿ ಇರುವುದರಿಂದ ಅಕ್ಷರ ಸೋರಿಹೋಗುವ ಭಯವೂ ಇಲ್ಲ. ಪತ್ರ ಬರೆಯಿರಿ, ಪ್ರೋಗ್ರಾಂ ಬರೆಯಿರಿ, ಜಾಹೀರಾತು ಅಡ್ಡ ಬರುವುದಿಲ್ಲ. ನನ್ನ ಮಟ್ಟಿಗೆ ಹಳೇ ಯಂತ್ರವನ್ನು ಗಾಜಿನ ಬೀರುವಿನಲ್ಲಿ ಇಟ್ಟು ಪೂಜಿಸುವುದಕ್ಕಿಂತ ಹೀಗೆ ದುಡಿಸುವುದೇ ಮರ್ಯಾದೆ.

ಇಂಗ್ಲಿಷಿಗೆ ಇಷ್ಟು ಸಾಕು. ನಿಜವಾದ ಪರೀಕ್ಷೆ ಇರುವುದು ಕನ್ನಡದಲ್ಲಿ. ಲಿನಕ್ಸಿನಿಂದ ‘ಕನ್ನಡ’ ಎಂದು ಕಳಿಸಿ ನೋಡಿ. ಯೂನಿಕೋಡಿನಲ್ಲಿ ಅದು ಐದು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟಿನಂತೆ ಹದಿನೈದು. ಬಿಬಿಸಿಗೆ ಈ ಹದಿನೈದರ ತಲೆಬುಡ ತಿಳಿಯದು. ಪರದೆಯ ಮೇಲೆ ಕಸ.

ನಮ್ಮವರು ಇದನ್ನು ಹಿಂದೆಯೇ ಬಗೆಹರಿಸಿದ್ದರು. ಐಐಟಿ ಕಾನ್ಪುರದಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನದಲ್ಲಿ ಪಿ.ಸಿ.ಗೆ ಹಾಕುವ ಕಾರ್ಡಿನ ಜೊತೆಗೆ ಭಾರತೀಯ ಲಿಪಿಗಳ ಟರ್ಮಿನಲ್ಲೂ ಇತ್ತು. 1991ರ ಇಸ್ಕಿ ಮಾನಕದಲ್ಲಿ ಒಂದು ಸಂಕೇತಕ್ಕೆ ಒಂದೇ ಬೈಟು, ‘ಕನ್ನಡ’ಕ್ಕೆ ಐದೇ. ಒತ್ತಕ್ಷರ ಕೂಡಿಸುವ ಬುದ್ಧಿ ಟರ್ಮಿನಲ್ಲಿನೊಳಗೇ ಇರುತ್ತಿತ್ತು.

ಬಿಬಿಸಿಗೆ ಆ ಬುದ್ಧಿ ಇಲ್ಲ, ಆದರೆ ಚುಕ್ಕಿ ಇಡಲು ಬರುತ್ತದೆ. 23 ಎಂಬ ಸಂಕೇತ, ಹಿಂದೆಯೇ ಒಂದು ಅಕ್ಷರದ ಸಂಖ್ಯೆ, ಆಮೇಲೆ ಎಂಟು ಬೈಟು ಕಳಿಸಿದರೆ ಎಂಟಕ್ಕೆ ಎಂಟು ಚುಕ್ಕಿಯ ಹೊಸ ಅಕ್ಷರವೊಂದು ತಯಾರು. ಅದನ್ನು ಮುದ್ರಿಸಿದ ಮೇಲೆ ಅದೇ ಸಂಖ್ಯೆಗೆ ಬೇರೆ ಆಕಾರ ಕೊಟ್ಟರೂ ಪರದೆಯಲ್ಲಿ ಮೊದಲೇ ಮೂಡಿದ್ದು ಅಳಿಯುವುದಿಲ್ಲ. ಕನ್ನಡದ ಸಾವಿರಾರು ಗುಣಿತ, ಸಂಯುಕ್ತಾಕ್ಷರಗಳಿಗೆ ಈ ಒಂದು ಉಪಾಯ ಸಾಕು. ಒತ್ತು, ದೀರ್ಘ ಜೋಡಿಸುವ ಕೆಲಸ ಲಿನಕ್ಸಿನ ಹಾರ್ಫ್‌ಬಜ್ ಎಂಬ ತಂತ್ರಾಂಶಕ್ಕೆ ಬಿಟ್ಟು, ಸಿದ್ಧವಾದ ಚಿತ್ರವನ್ನು ತುಂಡುಮಾಡಿ ತಂತಿಗೆ ಹಾಕಿದರಾಯಿತು.

ಎಂಟು ಚುಕ್ಕಿಯೊಳಗೆ ‘ತ್ತ’ ಹಿಡಿಸುವುದಿಲ್ಲ. ಒಂದು ಅಕ್ಷರಕ್ಕೆ ನಾಲ್ಕು ಮನೆ, ಅಂದರೆ ಹದಿನಾರಕ್ಕೆ ಹದಿನಾರು ಚುಕ್ಕಿ ಬೇಕು. 320ಕ್ಕೆ 256 ಚುಕ್ಕಿಯ ‘ಮೋಡ್ 4’ರಲ್ಲಿ ಸಾಲಿಗೆ ಇಪ್ಪತ್ತು ಅಕ್ಷರ, ಪರದೆಗೆ ಹದಿನಾರು ಸಾಲು. ನಾಲ್ಕು ಮನೆಗೆ ಆಕಾರ ಕೊಡಲು 40 ಬೈಟು, ಮುದ್ರಿಸಲು 4, ಕರ್ಸರನ್ನು ಕೆಳಗಿಳಿಸಿ ಹಿಂದಕ್ಕೆ ತಂದು ಮತ್ತೆ ಮೇಲೇರಿಸಲು 4, ಒಟ್ಟು 48. ಸೆಕೆಂಡಿಗೆ 960 ಬೈಟು ಹರಿಯುವ ತಂತಿಯಲ್ಲಿ ಇಪ್ಪತ್ತು ಅಕ್ಷರ ದಾಟುತ್ತವೆ, ಸರಿಯಾಗಿ ಒಂದು ಸಾಲು. ಗಟ್ಟಿಯಾಗಿ ಓದುವವರ ನಾಲಿಗೆ ಇಷ್ಟು ಬೇಗ ಓಡಲಾರದು. ‘ಸ್ತ್ರೀ’ಯಂಥವಕ್ಕೆ ಮಾತ್ರ ಆರು ಮನೆ ಬಿಟ್ಟುಕೊಡಬೇಕಾದೀತು.