ಗೇರ್‌ಬಾಕ್ಸ್ ಆಯಿಲ್‌ಗೆ ‘ಲೈಫ್‌ಟೈಮ್’ ಇದೆಯಾ? ಸೆಕೆಂಡ್ ಹ್ಯಾಂಡ್ ಆಕ್ಟೇವಿಯಾ ಆರ್‌ಎಸ್ ತಗೊಳ್ಳೋ ಮುಂಚೆ ಇದನ್ನ ಕೇಳಿ

ಈ ವಾರ ಬೆಂಗಳೂರಿನ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ನೋಡ್ತಿದ್ದಾರಂತೆ. 2017ರ ಗಾಡಿ, ಓಡಿರೋದು 72,000 ಕಿಲೋಮೀಟರ್. ಎಂಜಿನ್ ಆಯಿಲ್ ಬದಲಿಸಿದ ಬಿಲ್ ಎಲ್ಲಾ ಇದೆ, ಗೇರ್‌ಬಾಕ್ಸ್ ಆಯಿಲ್ ಬಗ್ಗೆ ಒಂದು ಚೀಟಿಯೂ ಇಲ್ಲ. ಕೇಳಿದ್ರೆ ಮಾರೋರು, ‘ಅದು ಲೈಫ್‌ಟೈಮ್ ಆಯಿಲ್, ಮುಟ್ಟೋದೇ ಬೇಡ’ ಅಂದ್ರಂತೆ. ನಂಬಬಹುದಾ?

ಉತ್ತರ ಮೊದಲೇ ಹೇಳಿಬಿಡ್ತೀನಿ: ಈ ಗಾಡಿ ವಿಷಯದಲ್ಲಿ ನಂಬಬೇಡಿ. ಯಾಕೆ ಅಂತ ನೋಡೋಣ.

ಒಂದೇ ಆಯಿಲ್, ಮೂರು ಕೆಲಸ

2017ರಲ್ಲಿ ನಮ್ಮ ದೇಶಕ್ಕೆ ಬಂದ ಆಕ್ಟೇವಿಯಾ ಆರ್‌ಎಸ್‌ನಲ್ಲಿ 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಇದೆ, 230 ಪಿಎಸ್ ಶಕ್ತಿ. ಅದಕ್ಕೆ ಜೋಡಿಸಿರೋದು 6 ಸ್ಪೀಡ್ ಡಿಎಸ್‌ಜಿ ಗೇರ್‌ಬಾಕ್ಸ್. ಇದರಲ್ಲಿ ಎರಡು ಕ್ಲಚ್. ಒಂದು ಕ್ಲಚ್ 1, 3, 5 ಮತ್ತು ರಿವರ್ಸ್ ನೋಡಿಕೊಂಡ್ರೆ, ಇನ್ನೊಂದು 2, 4, 6 ನೋಡಿಕೊಳ್ಳುತ್ತೆ. ನೀವು ಎರಡನೇ ಗೇರ್‌ನಲ್ಲಿ ಓಡಿಸ್ತಿರುವಾಗಲೇ ಮೂರನೇದು ರೆಡಿಯಾಗಿ ಕಾಯ್ತಿರುತ್ತೆ. ಅದಕ್ಕೇ ಗೇರ್ ಬದಲಾಗಿದ್ದು ಗೊತ್ತೇ ಆಗಲ್ಲ.

ಈ ಎರಡೂ ಕ್ಲಚ್ ಆಯಿಲ್‌ನಲ್ಲಿ ನೆನೆದುಕೊಂಡೇ ಕೆಲಸ ಮಾಡ್ತವೆ. ಅದೇ ಆಯಿಲ್ ಗೇರ್ ಹಲ್ಲುಗಳು ಸವೆಯದ ಹಾಗೆ ನೋಡಿಕೊಳ್ಳಬೇಕು, ಕ್ಲಚ್‌ನ ಬಿಸಿ ಇಳಿಸಬೇಕು, ಗೇರ್ ಬದಲಿಸೋ ಮೆಕಾಟ್ರಾನಿಕ್ ಯೂನಿಟ್‌ಗೆ ಒತ್ತಡವನ್ನೂ ಒದಗಿಸಬೇಕು. ಕ್ಲಚ್ ಸವೆದು ಉದುರೋ ಸಣ್ಣ ಪುಡಿಯೂ ಇದರಲ್ಲೇ ಸೇರುತ್ತೆ. ಸ್ವಲ್ಪವನ್ನ ಫಿಲ್ಟರ್ ಹಿಡಿಯುತ್ತೆ, ಎಲ್ಲವನ್ನೂ ಅಲ್ಲ.

ಈಗ ಸಿಲ್ಕ್ ಬೋರ್ಡ್ ಟ್ರಾಫಿಕ್ ನೆನಪಿಸಿಕೊಳ್ಳಿ. ಗಾಡಿ ಅಡಿ ಅಡಿಯಾಗಿ ತೆವಳುವಾಗ ಕ್ಲಚ್ ಪೂರ್ತಿ ಹಿಡಿಯೋದೂ ಇಲ್ಲ, ಪೂರ್ತಿ ಬಿಡೋದೂ ಇಲ್ಲ, ಜಾರ್ತಾನೇ ಇರುತ್ತೆ. ಜಾರಿದಷ್ಟೂ ಬಿಸಿ, ಬಿಸಿಯಾದಷ್ಟೂ ಆಯಿಲ್ ಬೇಗ ಸೊರಗುತ್ತೆ. ಹೈವೇಲಿ ಓಡಿದ 60,000ಕ್ಕೂ ಸಿಟೀಲಿ ಓಡಿದ 60,000ಕ್ಕೂ ಅದಕ್ಕೇ ವ್ಯತ್ಯಾಸ.

ಈ ಗೇರ್‌ಬಾಕ್ಸ್‌ಗೆ ಕಂಪನಿಯೇ ಹೇಳಿರೋದು 60,000 ಕಿಲೋಮೀಟರ್‌ಗೆ ಒಮ್ಮೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ ಅಂತ. ಹಾಗಾದ್ರೆ ‘ಲೈಫ್‌ಟೈಮ್’ ಮಾತು ಎಲ್ಲಿಂದ ಬಂತು? ಪೋಲೊ ಜಿಟಿ ಟಿಎಸ್‌ಐನಲ್ಲಿದ್ದ 7 ಸ್ಪೀಡ್ ಡಿಎಸ್‌ಜಿಯಲ್ಲಿ ಕ್ಲಚ್ ಒಣಗಿರುತ್ತೆ, ಆಯಿಲ್‌ನಲ್ಲಿ ಮುಳುಗಿರಲ್ಲ. ಅದಕ್ಕೆ ಈ 60,000ದ ಲೆಕ್ಕ ಇಲ್ಲ. ಎರಡಕ್ಕೂ ಹೆಸರು ಡಿಎಸ್‌ಜಿ ಅಂತಾನೇ ಇರೋದ್ರಿಂದ ಜನ ಒಂದನ್ನೇ ಇನ್ನೊಂದಕ್ಕೂ ಹೇಳಿಬಿಡ್ತಾರೆ.

ಕೆಲಸ ಹೇಗೆ ನಡೆಯುತ್ತೆ?

ಎಂಜಿನ್ ಆಯಿಲ್ ಥರ ಕಡ್ಡಿ ಎತ್ತಿ ಅಳೆಯೋಕೆ ಇಲ್ಲಿ ಆಗಲ್ಲ. ಗಾಡಿಯನ್ನ ಲಿಫ್ಟ್ ಮೇಲೆ ಸಮವಾಗಿ ಎತ್ತಬೇಕು. ಕೆಳಗಿನ ಡ್ರೇನ್ ಬೋಲ್ಟ್ ಬಿಚ್ಚಿದ್ರೆ ಮೊದಲು ಸ್ವಲ್ಪವೇ ಆಯಿಲ್ ಬರುತ್ತೆ. ಆ ತೂತಿನ ಒಳಗೆ ಒಂದು ಪ್ಲಾಸ್ಟಿಕ್ ಕೊಳವೆ ನಿಂತಿರುತ್ತೆ, ಆಯಿಲ್ ಮಟ್ಟದ ಅಳತೆ ಅದೇ. 8 ಎಂಎಂ ಅಲೆನ್ ಕೀಯಿಂದ ಅದನ್ನ ತೆಗೆದಾಗ ಉಳಿದದ್ದು ಸುರಿಯುತ್ತೆ. ಒಟ್ಟು ಸುಮಾರು 5 ಲೀಟರ್ ಬರಬಹುದು, ಸ್ವಲ್ಪ ಒಳಗೇ ಉಳಿಯುತ್ತೆ.

ಫಿಲ್ಟರ್ ಬದಲಿಸಿ, ಕೊಳವೆ ವಾಪಸ್ ಹಾಕಿ, ಹೊಸ ಆಯಿಲ್ ತುಂಬಿಸ್ತಾರೆ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿಕೊಂಡು ಲಿವರ್‌ನ ಎಲ್ಲಾ ಸ್ಥಾನಕ್ಕೂ ಒಮ್ಮೆ ಓಡಾಡಿಸಬೇಕು. ಮುಖ್ಯ ಘಟ್ಟ ಇದಾದ ಮೇಲೆ. ಸ್ಕ್ಯಾನರ್ ಹಾಕಿ ಗೇರ್‌ಬಾಕ್ಸ್ ಆಯಿಲ್‌ನ ಬಿಸಿ ನೋಡ್ತಾ ಇರಬೇಕು. ಅದು 35ರಿಂದ 45 ಡಿಗ್ರಿ ಸೆಲ್ಸಿಯಸ್ ಒಳಗಿದ್ದಾಗ, ಎಂಜಿನ್ ಓಡ್ತಿರುವಾಗಲೇ, ಹೆಚ್ಚಾದ ಆಯಿಲ್ ಕೊಳವೆಯಿಂದ ಇಳಿದು ಹೋಗಬೇಕು. ಧಾರೆ ನಿಂತು ಹನಿ ಹನಿಯಾದಾಗ ಬೋಲ್ಟ್‌ಗೆ ಹೊಸ ಸೀಲ್ ಹಾಕಿ, ಟಾರ್ಕ್ ರೆಂಚ್‌ನಿಂದ 45 ನ್ಯೂಟನ್ ಮೀಟರ್‌ಗೆ ಬಿಗಿ ಮಾಡ್ತಾರೆ.

ಯಾಕಿಷ್ಟು ಕಟ್ಟುನಿಟ್ಟು? ಬಿಸಿಯಾದ್ರೆ ಆಯಿಲ್ ಹಿಗ್ಗುತ್ತೆ. ತುಂಬಾ ಬಿಸಿಯಲ್ಲಿ ಅಳೆದ್ರೆ ಜಾಸ್ತಿ ಹೊರಗೆ ಹೋಗಿ ಒಳಗೆ ಕಡಿಮೆ ಉಳಿಯುತ್ತೆ. ತಣ್ಣಗಿದ್ದಾಗ ಅಳೆದ್ರೆ ಅಗತ್ಯಕ್ಕಿಂತ ಹೆಚ್ಚು ಉಳಿದುಬಿಡುತ್ತೆ. ಜಾಕ್ ಹಾಕಿ ಒಂದು ಕಡೆ ಎತ್ತಿ ಮಾಡಿದ್ರೂ ಅಳತೆ ತಪ್ಪುತ್ತೆ. ಅದೂ ಅಲ್ದೆ, ಬರೀ ಜಾಕ್ ಮೇಲೆ ನಿಂತ ಗಾಡಿ ಕೆಳಗೆ ಯಾವತ್ತೂ ಮಲಗಬೇಡಿ. ಇದು ಮನೆ ಮುಂದೆ ಮಾಡೋ ಕೆಲಸ ಅಲ್ಲ.

ಗ್ಯಾರೇಜ್‌ನಲ್ಲಿ ಏನು ಕೇಳ್ಬೇಕು?

ಮೂರೇ ಪ್ರಶ್ನೆ. ಯಾವ ಆಯಿಲ್ ಹಾಕ್ತೀರಿ? ಫಿಲ್ಟರ್ ಬದಲಿಸ್ತೀರಾ? ಬಿಸಿಯನ್ನ ಸ್ಕ್ಯಾನರ್‌ನಲ್ಲಿ ನೋಡ್ತೀರಾ? ಕಂಪನಿ ಹೇಳಿದ ಡಿಎಸ್‌ಜಿ ಆಯಿಲ್ ಅಥವಾ ಅದೇ ಸ್ಪೆಸಿಫಿಕೇಶನ್ ಇರೋದನ್ನೇ ಹಾಕಿಸಿ. ‘ಯಾವ ಆಟೊಮ್ಯಾಟಿಕ್ ಆಯಿಲ್ ಆದ್ರೂ ನಡೆಯುತ್ತೆ ಸಾರ್’ ಅಂದ್ರೆ ಕೀ ತಗೊಂಡು ಎದ್ದು ಬನ್ನಿ. ಕ್ಲಚ್ ಎಷ್ಟು ಹಿಡಿಯಬೇಕು, ಎಷ್ಟು ಜಾರಬೇಕು ಅನ್ನೋದು ಆ ಆಯಿಲ್ ಮೇಲೇ ನಿಂತಿದೆ. ತೆಗೆದ ಹಳೇ ಆಯಿಲನ್ನ ಚರಂಡಿಗೆ ಸುರಿಯೋ ಗ್ಯಾರೇಜ್ ಆದ್ರೂ ಬೇಡ.

ಹಳೇ ಆಯಿಲ್ ಕಪ್ಪಗಿದ್ರೆ ಗಾಬರಿಯಾಗಬೇಡಿ, ಅದು ಸಹಜ. ಕಣ್ಣಿಗೆ ಕಾಣೋ ಲೋಹದ ಚೂರು ಸಿಕ್ಕಿದ್ರೆ ಮಾತ್ರ ಯೋಚನೆ ಮಾಡಬೇಕು.

ಈಗ ನಮ್ಮ ಕೇಳುಗರಿಗೆ ಬರೋಣ. ಗೆಳೆಯಾ, ಗಾಡಿ ರಾತ್ರಿಯಿಡೀ ನಿಂತು ತಣ್ಣಗಿರುವಾಗಲೇ ಹೋಗಿ ನೋಡಿ. ಕಾಲ್ನಡಿಗೆ ವೇಗದಲ್ಲಿ ಓಡಿಸಿ, 1ರಿಂದ 2ಕ್ಕೆ ಹೋಗುವಾಗ ನಡುಕ ಇದೆಯಾ ಗಮನಿಸಿ. ದಿಬ್ಬದಲ್ಲಿ ರಿವರ್ಸ್ ಹಾಕಿ, ತಡವಾಗಿ ಹಿಡಿಯುತ್ತಾ ನೋಡಿ. ಬಿಸಿಯಾದ ಮೇಲೆ ಮತ್ತೊಮ್ಮೆ ಇದನ್ನೇ ಮಾಡಿ. ಫಾಲ್ಟ್ ಕೋಡ್ ಕೂಡ ಓದಿಸಿ. ಎಲ್ಲಾ ಸರಿಯಿದ್ರೆ, ಆಯಿಲ್ ಮತ್ತು ಫಿಲ್ಟರ್ ಖರ್ಚನ್ನ ಬೆಲೆಯಲ್ಲಿ ಕಳೆದು ಮಾತಾಡಿ, ತಗೊಂಡ ತಕ್ಷಣ ಬದಲಿಸಿ.

ಆದ್ರೆ ನಡುಕ ಆಗಲೇ ಶುರುವಾಗಿದ್ರೆ, ‘ಆಯಿಲ್ ಬದಲಿಸಿದ್ರೆ ಸರಿಹೋಗುತ್ತೆ’ ಅನ್ನೋ ಮಾತಿಗೆ ದುಡ್ಡು ಕೊಡಬೇಡಿ. ಹೊಸ ಆಯಿಲ್ ಸವೆತವನ್ನ ನಿಧಾನ ಮಾಡುತ್ತೆ, ಸವೆದ ಕ್ಲಚ್ಚನ್ನ ಮತ್ತೆ ಬೆಳೆಸಲ್ಲ. ಕ್ಲಚ್ ಅಥವಾ ಮೆಕಾಟ್ರಾನಿಕ್ ಹೋದ್ರೆ ಬರೋ ಬಿಲ್ ಮುಂದೆ ಈ ಆಯಿಲ್ ಖರ್ಚು ಏನೂ ಅಲ್ಲ.

ನಿಮ್ಮ ಗಾಡಿಯದ್ದು ಒದ್ದೆ ಕ್ಲಚ್ಚಾ, ಒಣ ಕ್ಲಚ್ಚಾ? ಇವತ್ತೇ ಸರ್ವಿಸ್ ಪುಸ್ತಕ ತೆಗೆದು ನೋಡಿ. ಪ್ರಶ್ನೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಮಾತಾಡೋಣ.