ಕಡಲಲ್ಲಿ ಕಾಣಿಸಿಕೊಳ್ಳುವ ವಿದ್ಯೆ

2014ರ ಫೆಬ್ರುವರಿಯಲ್ಲಿ ಇಂಡೊನೇಷ್ಯಾದ ಬಾಲಿ ಸಮೀಪ, ನೂಸಾ ಲೆಂಬೊಂಗಾನ್ ದ್ವೀಪದ ಬಳಿ ಸ್ಕೂಬಾ ಡೈವಿಂಗ್‌ಗೆ ಇಳಿದ ಜಪಾನಿನ ಏಳು ಮಹಿಳೆಯರು ಬೋಟಿಗೆ ಮರಳಲಿಲ್ಲ. ಹವಾಮಾನ ಕೆಟ್ಟಿತ್ತು, ನೀರಿನ ಸೆಳೆತ ಜೋರಾಗಿತ್ತು. ದಿನಗಟ್ಟಲೆ ಹುಡುಕಿದ ಮೇಲೆ ಐವರು ಜೀವಂತ ಸಿಕ್ಕರು, ಇಬ್ಬರು ಉಳಿಯಲಿಲ್ಲ. ಅದಕ್ಕೂ ಮುಂಚೆ, 1998ರ ಜನವರಿಯಲ್ಲಿ, ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಟಾಮ್ ಮತ್ತು ಐಲೀನ್ ಲೋನರ್ಗನ್ ದಂಪತಿಯನ್ನು ಬಿಟ್ಟೇ ಬೋಟು ದಡ ಸೇರಿತ್ತು. ಅವರು ಬಂದಿಲ್ಲವೆಂಬುದು ಗೊತ್ತಾದದ್ದು ಎರಡು ದಿನಗಳ ನಂತರ.

ಸ್ಕೂಬಾ ಎಂದೊಡನೆ ನಮ್ಮನ್ನು ಕಾಡುವುದು ಆಳದ ಭಯ. ಮೇಲೆ ಬಂದ ಬಳಿಕ ಯಾರ ಕಣ್ಣಿಗೂ ಬೀಳದೆ ಹೋಗುವ ಅಪಾಯವನ್ನು ಹೆಚ್ಚಿನವರು ಯೋಚಿಸುವುದಿಲ್ಲ. ಗಂಟೆಗೆ ಒಂದು ನಾಟಿಕಲ್ ಮೈಲಿಯ ಸೆಳೆತ ಸಾಕು, 40 ನಿಮಿಷದಲ್ಲಿ ಡೈವರ್ 1.2 ಕಿಲೋಮೀಟರ್ ಆಚೆ ಇರುತ್ತಾನೆ. ಮೀಟರ್ ಎತ್ತರದ ತೆರೆಗಳ ನಡುವೆ ಅಷ್ಟು ದೂರದ ತಲೆ ತೇಲುವ ತೆಂಗಿನಕಾಯಿಯಷ್ಟೂ ಕಾಣದು. ಅಂಥ ಹೊತ್ತಿನಲ್ಲಿ ‘ಇಲ್ಲಿದ್ದೇನೆ’ ಎಂದು ಸಾರುವ ಸಾಧನವೇ ಸರ್ಫೇಸ್ ಮಾರ್ಕರ್ ಬೋಯ್, ಡೈವರ್‌ಗಳ ಬಾಯಲ್ಲಿ ಎಸ್‌ಎಂಬಿ.

ನೋಡಲು ಸರಳ: ಪದರ ಲೇಪಿಸಿದ ನೈಲಾನ್ ಬಟ್ಟೆಯ, ಕಿತ್ತಳೆ ಅಥವಾ ಹಳದಿ ಬಣ್ಣದ ಉದ್ದನೆಯ ಚೀಲ. ಸುರುಳಿ ಸುತ್ತಿ ಜೇಬಿನಲ್ಲಿಟ್ಟುಕೊಳ್ಳಬಹುದು. ನೀರಿನೊಳಗಿಂದಲೇ ಗಾಳಿ ತುಂಬಿ, ಹುರಿ ಕಟ್ಟಿ ಮೇಲಕ್ಕೆ ಬಿಡುತ್ತಾರೆ. ಇದರ ವಿನ್ಯಾಸದಲ್ಲಿ ಅಡಗಿರುವ ಲೆಕ್ಕ ಮಾತ್ರ ಸೊಗಸಾದದ್ದು. ಚಪ್ಪಟೆಯಾಗಿ ಹಾಸಿದಾಗ 15 ಸೆಂಟಿಮೀಟರ್ ಅಗಲ, 1.2 ಮೀಟರ್ ಉದ್ದವಿರುವ ಚೀಲ ಉಬ್ಬಿದಾಗ ಎಂಟು ಲೀಟರಿಗೂ ತುಸು ಹೆಚ್ಚು ಗಾಳಿ ಹಿಡಿಯುತ್ತದೆ. ಆದರೆ ಅಷ್ಟನ್ನೂ ಕೆಳಗೆ ತುಂಬಬೇಕಿಲ್ಲ. 20 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಮೂರು ಪಟ್ಟು. ಅಲ್ಲಿ ತುಂಬಿದ ಮೂರು ಲೀಟರ್ ಗಾಳಿ ಮೇಲೇರುತ್ತ ಹಿಗ್ಗಿ ಒಂಬತ್ತು ಲೀಟರ್ ಆಗುತ್ತದೆ. ಅಂದರೆ ಒಂದು ದೀರ್ಘ ಉಸಿರೇ ಸಾಕು. ಹೆಚ್ಚಾದ ಗಾಳಿ ಚೀಲವನ್ನು ಹರಿದುಹಾಕದಂತೆ ನೋಡಿಕೊಳ್ಳಲೆಂದೇ ಒಳ್ಳೆಯ ಚೀಲಗಳಲ್ಲಿ ಒತ್ತಡ ಮೀರಿದರೆ ತಾನಾಗಿ ತೆರೆಯುವ ವಾಲ್ವ್ ಇರುತ್ತದೆ.

ತಳದ ಬಾಯಿಯೂ ಮುಖ್ಯ. ಪೂರ್ತಿ ತೆರೆದ ಬಾಯಿಯ ಚೀಲಕ್ಕೆ ಗಾಳಿ ತುಂಬುವುದು ಸುಲಭ, ಆದರೆ ಮೇಲೆ ಹುರಿ ಸಡಿಲವಾದರೆ ಚೀಲ ಅಡ್ಡಬಿದ್ದು ಗಾಳಿಯೆಲ್ಲ ಸೋರಿಹೋಗುತ್ತದೆ. ಒಳಗೆ ಹೋದ ಗಾಳಿ ಹೊರಬರದಂತೆ ತಡೆಯುವ ಬಾಯಿಯಿದ್ದರೆ ಬೋಟು ಬರುವ ತನಕ ಅದು ನಿಂತೇ ಇರುತ್ತದೆ. ತುದಿಯಲ್ಲೊಂದು ಬೆಳಕು ಪ್ರತಿಫಲಿಸುವ ಪಟ್ಟಿ ಇದ್ದರೆ ಮುಸ್ಸಂಜೆಯ ಹುಡುಕಾಟಕ್ಕೂ ಆಸರೆ.

ಹುರಿ ಸುತ್ತುವ ಸಾಧನದಲ್ಲಿ ಎರಡು ಬಗೆ. ಹಿಡಿಕೆ, ತಿರುಗುವ ಉರುಳೆ, ತಡೆಯುವ ಕೀಲು ಇರುವ ರೀಲು ಒಂದು. ಯಾವ ಕೀಲೂ ಇಲ್ಲದ, ಬೆರಳುಗಳ ನಡುವೆ ಹಿಡಿಯುವ ಸ್ಪೂಲ್ ಇನ್ನೊಂದು. ರೀಲಿನಲ್ಲಿ ಹುರಿ ಮರಳಿ ಸುತ್ತುವುದು ಬೇಗ ಆಗುತ್ತದೆ; ಆದರೆ ಸಡಿಲಾದ ಹುರಿ ಉರುಳೆಗೂ ಚೌಕಟ್ಟಿಗೂ ನಡುವೆ ನುಸುಳಿದರೆ ಎಲ್ಲವೂ ಕಚ್ಚಿಕೊಂಡು ನಿಲ್ಲುತ್ತದೆ. ಸ್ಪೂಲಿನಲ್ಲಿ ಕೆಡುವುದಕ್ಕೆ ಹೆಚ್ಚೇನೂ ಇಲ್ಲ. ಹುರಿ ಸುತ್ತಲು ತಾಳ್ಮೆ ಬೇಕು, ಅಷ್ಟೆ. ಸಾಮಾನ್ಯ ಡೈವರ್‌ಗೆ 30 ಮೀಟರ್ ಹುರಿಯ ಸ್ಪೂಲನ್ನೇ ನಾನು ಶಿಫಾರಸು ಮಾಡುತ್ತೇನೆ. ಸೆಳೆತದಲ್ಲಿ ಹುರಿ ಓರೆಯಾಗಿ ಏರುವುದರಿಂದ ಆಳಕ್ಕಿಂತ ಹುರಿ ಉದ್ದವಿರಲೇಬೇಕು.

ಬೋಯ್ ಬಿಡುವಾಗಲೂ ಇದೇ ಭೌತಶಾಸ್ತ್ರ ಕೆಲಸ ಮಾಡುತ್ತದೆ. ಮೂರು ಲೀಟರ್ ಗಾಳಿ ತುಂಬಿದ ಚೀಲ ಮೂರು ಕಿಲೋ ಬಲದಿಂದ ಮೇಲಕ್ಕೆ ಜಗ್ಗುತ್ತದೆ. ಬಿಡಲು ತಡಮಾಡಿದರೆ ಅದರ ಜತೆ ಡೈವರೂ ಏರುತ್ತಾನೆ. ವೇಗದ ಏರಿಕೆ ಶ್ವಾಸಕೋಶಕ್ಕೂ ರಕ್ತಕ್ಕೂ ಅಪಾಯಕಾರಿ. ನಿಮಿಷಕ್ಕೆ 9 ಮೀಟರ್ ಮೀರದಿರುವುದು ಕ್ಷೇಮ. ಆದ್ದರಿಂದ ಮೊದಲು ತಲೆಯೆತ್ತಿ ಮೇಲೆ ಬೋಟಾಗಲಿ ಇತರ ಡೈವರ್‌ಗಳಾಗಲಿ ಇಲ್ಲವೆಂದು ನೋಡಬೇಕು. ಹುರಿ ಬೆರಳಿಗೋ ಉಸಿರಾಟದ ರೆಗ್ಯುಲೇಟರಿಗೋ ಸುತ್ತಿಕೊಂಡಿಲ್ಲವೆಂದು ಖಾತ್ರಿಪಡಿಸಿಕೊಳ್ಳಬೇಕು. ಸ್ಪೂಲನ್ನು ಮೈಗೆ ಎಂದೂ ಸಿಕ್ಕಿಸಿಕೊಳ್ಳಬಾರದು. ಹುರಿ ಸಿಕ್ಕುಬಿದ್ದರೆ ಸ್ಪೂಲಿನ ಆಸೆ ಬಿಟ್ಟು ಕೈಬಿಡಬೇಕು. ಚೀಲ ಮೇಲೆ ತಲುಪಿದ ಮೇಲೆ ಹುರಿಯನ್ನು ಬಿಗಿಯಾಗಿ ಹಿಡಿದರೆ ಚೀಲ ನೆಟ್ಟಗೆ ನಿಲ್ಲುತ್ತದೆ. ಅದೇ ಹುರಿಯ ಆಧಾರದಲ್ಲಿ 5 ಮೀಟರ್ ಆಳದಲ್ಲಿ ಮೂರು ನಿಮಿಷದ ಸುರಕ್ಷತಾ ವಿರಾಮವನ್ನೂ ಮುಗಿಸಬಹುದು.

ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪ ಕರ್ನಾಟಕದ ಡೈವಿಂಗ್ ತಾಣ. ಮೊದಲ ಬಾರಿ ಇಳಿಯುವವರ ಕೈಯನ್ನು ತರಬೇತುದಾರ ಬಿಡುವುದಿಲ್ಲ, ಅವರು ಬೋಯ್ ಬಿಡುವ ಪ್ರಸಂಗವಿಲ್ಲ. ಆದರೆ ಅಲ್ಲಿ ರುಚಿ ಹತ್ತಿ ಸರ್ಟಿಫಿಕೇಟ್ ಪಡೆದು ಅಂಡಮಾನ್, ಮಾಲ್ಡೀವ್ಸ್‌ಗಳ ಸೆಳೆತದ ನೀರಿಗೆ ಹೋಗುವ ಕನ್ನಡಿಗರಿಗೆ ಇದು ತೀರ ಅಗತ್ಯದ ಕಲಿಕೆ. ಜೇಬಿನಲ್ಲಿ ಚೀಲವಿದ್ದರೂ ಒಮ್ಮೆಯೂ ಬಿಟ್ಟು ನೋಡದವರಿಗೆ ತುರ್ತಿನ ಗಳಿಗೆಯಲ್ಲಿ ಅದು ಇನ್ನೊಂದು ತೊಡಕಾಗುತ್ತದೆ. ಈಜುಕೊಳದಲ್ಲಿ, ಆಮೇಲೆ ಆಳವಿಲ್ಲದ ಶಾಂತ ಕಡಲಲ್ಲಿ ಜತೆಗಾರರೊಂದಿಗೆ ಮತ್ತೆ ಮತ್ತೆ ಅಭ್ಯಾಸ ಮಾಡಬೇಕು. ಕೈಗೆ ರೂಢಿಯಾದ ಮೇಲೆ ಕಣ್ಣು ಆಳಸೂಚಕದ ಮೇಲೆ ನೆಡಲು ಬಿಡುವಾಗುತ್ತದೆ.

ಇನ್ನರ್ಧ ಹೊಣೆ ಬೋಟಿನವರದು. ನೀರಿಗಿಳಿಯುವ ಮೊದಲೇ ತಾಂಡೇಲನೊಂದಿಗೆ ಮಾತಾಡಿಕೊಳ್ಳಿ: ಎಷ್ಟು ಹೊತ್ತಿಗೆ ಮೇಲೇಳುತ್ತೇವೆ, ಬೋಯ್ ಯಾವ ಬಣ್ಣದ್ದು, ಯಾವ ಬಣ್ಣ ಕಂಡರೆ ತುರ್ತು ನೆರವು ಬೇಕೆಂದು ಅರ್ಥ. ಕೆಲವೆಡೆ ಕಿತ್ತಳೆ ‘ಎಲ್ಲ ಸರಿ’, ಹಳದಿ ‘ಸಹಾಯ ಬೇಕು’. ಇನ್ನು ಕೆಲವೆಡೆ ಆ ಭೇದವೇ ಇಲ್ಲ. ಹೊರಡುವ ಮುಂಚೆ ಇಳಿದವರನ್ನೂ ಹತ್ತಿದವರನ್ನೂ ಹೆಸರು ಕರೆದು ಎಣಿಸುವ ಬೋಟನ್ನೇ ಆರಿಸಿ. ಬಾಡಿಗೆ ಗೊತ್ತುಮಾಡುವಾಗ ಮೀನು ಕಾಣುತ್ತದೆಯೇ, ಫೋಟೊ ಕೊಡುತ್ತಾರೆಯೇ ಎಂದು ವಿಚಾರಿಸುವ ನಾವು ಬೋಯ್‌ನ ಬಣ್ಣಕ್ಕೆ ಏನರ್ಥ, ಹೆಸರು ಕರೆದು ಎಣಿಸುತ್ತಾರೆಯೇ ಎಂದೂ ಕೇಳತೊಡಗಿದರೆ, ಉತ್ತರ ಕೊಡಬೇಕಾದವರು ಸಿದ್ಧರಾಗಿಯೇ ಬರುತ್ತಾರೆ.