ಕೈಯಾಟದ ಯಂತ್ರಗಳ ಗುಣದೋಷ ವಿಚಾರ

ಹೊಸದೊಂದು ಆಟದ ಯಂತ್ರವು ಪೇಟೆಗೆ ಬಂದಿತೆಂದರೆ ವಿದ್ಯಾರ್ಥಿಗಳಲ್ಲಿ ವಾದವಿವಾದಗಳಿಗೆ ಮೇರೆಯೇ ಇರುವುದಿಲ್ಲ. 2025ನೆಯ ಇಸವಿಯ ಜೂನ್ 5ರಂದು ಜಪಾನಿನ ನಿಂಟೆಂಡೊ ಸಂಸ್ಥೆಯು ‘ಸ್ವಿಚ್ 2’ ಎಂಬ ಯಂತ್ರವನ್ನು ಬಿಡುಗಡೆ ಮಾಡಿದಾಗಲೂ ಹೀಗೆಯೇ ಆಯಿತು. ಒಬ್ಬನು ಅದರ ಪರದೆಯ ವಿಸ್ತಾರವನ್ನು ಕೊಂಡಾಡಿದರೆ ಇನ್ನೊಬ್ಬನು ಅದರ ಬೆಲೆಯನ್ನು ಹಳಿದನು. ಒಬ್ಬಳು ವೇಗವನ್ನು ಎತ್ತಿಹಿಡಿದರೆ ಮತ್ತೊಬ್ಬಳು ಬ್ಯಾಟರಿಯು ಎಷ್ಟು ಹೊತ್ತು ನಿಲ್ಲುವುದೆಂದು ಪ್ರಶ್ನಿಸಿದಳು. ಈ ವಾದದಲ್ಲಿ ಯಾರು ಗೆದ್ದರೆಂದು ಈಗಲೇ ಹೇಳುವುದು ಕಷ್ಟ. ಆದರೆ ಇದೇ ಬಗೆಯ ವ್ಯಾಜ್ಯವೊಂದು 1989ರಲ್ಲಿ ಆರಂಭವಾಗಿತ್ತು. ಅದರ ತೀರ್ಪು ಹೊರಬಿದ್ದು ಬಹುಕಾಲವಾಯಿತು. ಒಂದು ಯಂತ್ರದ ಗುಣಾವಗುಣಗಳನ್ನು ತೂಗುವ ಬಗೆಯನ್ನು ಕಲಿಯಬೇಕಾದರೆ ತೀರ್ಪು ತಿಳಿದಿರುವ ಮೊಕದ್ದಮೆಯನ್ನು ಓದುವುದೇ ಲೇಸು. ಮನೆಯ ಹಿರಿಯರು ತಿಂಗಳ ಸಂಬಳದಲ್ಲಿ ಉಳಿಸಿ ಕೊಡಿಸಬೇಕಾದ ವಸ್ತುವಿನ ವಿಷಯದಲ್ಲಂತೂ ಇಂತಹ ವಿವೇಚನೆ ಅತ್ಯಗತ್ಯ.

ಮೊದಲು ಹಿನ್ನೆಲೆಯನ್ನು ಸ್ವಲ್ಪ ನೋಡೋಣ. ಆಟದ ಬಿಲ್ಲೆಗಳನ್ನು ಬದಲಾಯಿಸಿ ಬೇರೆ ಬೇರೆ ಆಟಗಳನ್ನಾಡಬಹುದಾದ ಮೊದಲ ಕೈಯಾಟದ ಯಂತ್ರವು 1979ರಲ್ಲಿ ಅಮೆರಿಕೆಯಲ್ಲಿ ಹೊರಬಂದ ‘ಮೈಕ್ರೋವಿಷನ್’. ಅದರ ಪರದೆಯಲ್ಲಿ ಅಡ್ಡಕ್ಕೆ ಹದಿನಾರು, ಉದ್ದಕ್ಕೆ ಹದಿನಾರು ಚುಕ್ಕೆಗಳು ಮಾತ್ರ ಇದ್ದುವು. ಅದರ ಮರುವರ್ಷವೇ ನಿಂಟೆಂಡೊ ಸಂಸ್ಥೆಯು ‘ಗೇಮ್ ಅಂಡ್ ವಾಚ್’ ಎಂಬ ಪುಟ್ಟ ಆಟಿಕೆಗಳನ್ನು ಮಾರತೊಡಗಿತು. ಈ ಸಂಸ್ಥೆಯು 1889ರಲ್ಲಿ ಕಿಯೋಟೊ ನಗರದಲ್ಲಿ ಹುಟ್ಟಿದುದು ಹೂವಿನ ಚಿತ್ರಗಳುಳ್ಳ ಇಸ್ಪೀಟಿನ ಎಲೆಗಳನ್ನು ತಯಾರಿಸುವುದಕ್ಕಾಗಿ ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಆಟಿಕೆಗಳನ್ನು ಕಲ್ಪಿಸಿದವನು ಗುಂಪೈ ಯೊಕೊಯಿ ಎಂಬ ತಂತ್ರಜ್ಞ. ಅತಿವೇಗದ ರೈಲಿನಲ್ಲಿ ಬೇಸರಗೊಂಡ ಪ್ರಯಾಣಿಕನೊಬ್ಬನು ತನ್ನ ಲೆಕ್ಕದ ಯಂತ್ರದ ಗುಂಡಿಗಳನ್ನು ಸುಮ್ಮನೆ ಒತ್ತುತ್ತಾ ಕಾಲ ಕಳೆಯುತ್ತಿದ್ದುದನ್ನು ಕಂಡು ಅವನಿಗೆ ಈ ಯೋಚನೆ ಹೊಳೆಯಿತೆಂದು ಹೇಳುವರು. ಮುಂಬಯಿಯ ಲೋಕಲ್ ಗಾಡಿಯಲ್ಲಿ ದಿನವೂ ಓಡಾಡುವ ನಮ್ಮ ಓದುಗರಿಗೆ ಆ ಪ್ರಯಾಣಿಕನ ಮನಸ್ಸು ಅರ್ಥವಾಗದೆ ಇರದು; ಆತನಿಗೆ ಕುಳಿತುಕೊಳ್ಳಲು ಆಸನವಾದರೂ ಇತ್ತು!

ಯೊಕೊಯಿಯದು ಒಂದು ವಿಶಿಷ್ಟವಾದ ಸಿದ್ಧಾಂತ. ಹೊಚ್ಚಹೊಸ ತಂತ್ರವನ್ನು ಬೆನ್ನಟ್ಟಬಾರದು. ಬಳಸಿ ಬಳಸಿ ಅಗ್ಗವಾಗಿರುವ, ಗುಣದೋಷಗಳೆಲ್ಲ ತಿಳಿದಿರುವ, ಹೇಳಬೇಕೆಂದರೆ ಒಣಗಿಹೋದಂತಿರುವ ತಂತ್ರವನ್ನೇ ತೆಗೆದುಕೊಂಡು ಅದನ್ನು ಯಾರೂ ಯೋಚಿಸದ ಕಡೆಗೆ ಹೊರಳಿಸಬೇಕು ಎಂಬುದೇ ಆ ಸಿದ್ಧಾಂತ. ಲೆಕ್ಕದ ಯಂತ್ರಗಳ ಪೈಪೋಟಿಯಿಂದ ಅಗ್ಗವಾಗಿದ್ದ ಪರದೆಯು ಆಟಿಕೆಯಾದುದು ಹೀಗೆ. ಇಂದು ಆಟದ ಯಂತ್ರಗಳ ಎಡಭಾಗದಲ್ಲಿ ಸಾಮಾನ್ಯವಾಗಿ ಕಾಣುವ, ಕೂಡುವ ಚಿಹ್ನೆಯಾಕಾರದ ಗುಂಡಿಯು ಬಳಕೆಗೆ ಬಂದುದೂ 1982ರ ಒಂದು ‘ಗೇಮ್ ಅಂಡ್ ವಾಚ್’ ಆಟಿಕೆಯಿಂದಲೇ.

ಈಗ 1989ರ ವ್ಯಾಜ್ಯಕ್ಕೆ ಬರೋಣ. ಆ ವರ್ಷ ಏಪ್ರಿಲ್ 21ರಂದು ಯೊಕೊಯಿಯ ತಂಡವು ರಚಿಸಿದ ‘ಗೇಮ್ ಬಾಯ್’ ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. ಬೆಲೆ 12,500 ಯೆನ್. ಅಮೆರಿಕೆಯಲ್ಲಿ ಸುಮಾರು 90 ಡಾಲರ್. ಬೂದುಬಣ್ಣದ ಇಟ್ಟಿಗೆಯಂತಹ ಆಕೃತಿ. ಪರದೆಯಲ್ಲಿ ಬಣ್ಣವಿಲ್ಲ, ಪಾಚಿಯ ಹಸುರಿನ ನಾಲ್ಕು ಛಾಯೆಗಳು ಮಾತ್ರ. ಕತ್ತಲಲ್ಲಿ ಏನೂ ಕಾಣದು. ಅದೇ ವರ್ಷದ ಶರತ್ಕಾಲದಲ್ಲಿ ಅಮೆರಿಕೆಯ ಅಟಾರಿ ಸಂಸ್ಥೆಯು ‘ಲಿಂಕ್ಸ್’ ಎಂಬ ಯಂತ್ರವನ್ನು ತಂದಿತು. ಅದರಲ್ಲಿ ಬಣ್ಣವಿತ್ತು, ಬೆಳಕಿತ್ತು, ಎಡಗೈಯವರು ತಿರುಗಿಸಿ ಹಿಡಿದರೂ ಆಡಬಹುದಾದ ಅನುಕೂಲವಿತ್ತು. ಬೆಲೆ ಸುಮಾರು 180 ಡಾಲರ್. 1990ರಲ್ಲಿ ಜಪಾನಿನ ಸೆಗಾ ಸಂಸ್ಥೆಯು ‘ಗೇಮ್ ಗಿಯರ್’ ಎಂಬ ಮೂರನೆಯದನ್ನು ಹೊರತಂದಿತು. ಅದರಲ್ಲಿಯೂ ಬಣ್ಣ, ಅದರಲ್ಲಿಯೂ ಬೆಳಕು. ಮೂರನ್ನೂ ಅಂಗಡಿಯ ಮೇಜಿನ ಮೇಲೆ ಅಕ್ಕಪಕ್ಕದಲ್ಲಿಟ್ಟು ಕೇಳಿದರೆ ಯಾವ ಬಾಲಕನು ತಾನೇ ಹಸುರು ಪರದೆಯನ್ನು ಆರಿಸಿಯಾನು? ಕಾಗದದ ಮೇಲಿನ ಲೆಕ್ಕದಲ್ಲಿ ‘ಗೇಮ್ ಬಾಯ್’ ಸೋತೇ ಹೋಗಿತ್ತು.

ಸೋಲಲಿಲ್ಲವೇಕೆ? ಇದನ್ನು ತಿಳಿಯಲು ಪರದೆಯ ಮರ್ಮವನ್ನು ಅರಿಯಬೇಕು. ಲೆಕ್ಕದ ಯಂತ್ರ, ಕೈಗಡಿಯಾರ ಮುಂತಾದುವುಗಳಲ್ಲಿರುವ ದ್ರವಸ್ಫಟಿಕದ ಪರದೆಯು ತಾನಾಗಿ ಬೆಳಗುವುದಿಲ್ಲ. ಬೆಳಕನ್ನು ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಸೋಸುವ ಎರಡು ಹಾಳೆಗಳ ನಡುವೆ ಈ ದ್ರವಸ್ಫಟಿಕದ ತೆಳುವಾದ ಪದರವಿರುತ್ತದೆ. ವಿದ್ಯುತ್ತನ್ನು ಹಾಯಿಸಿದೆಡೆಯಲ್ಲಿ ಅದರ ಅಣುಗಳು ನಿಲುವನ್ನು ಬದಲಿಸಿ ಬೆಳಕನ್ನು ತಡೆಯುತ್ತವೆ. ಅಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ. ಈ ಕೆಲಸಕ್ಕೆ ತಗಲುವ ವಿದ್ಯುತ್ತು ಅತ್ಯಲ್ಪ. ‘ಗೇಮ್ ಬಾಯ್’ ಕೋಣೆಯ ಬೆಳಕನ್ನೇ, ಬಿಸಿಲನ್ನೇ ಎರವಲು ಪಡೆದು ಹಿಂದಿನ ಹೊಳಪಿನ ಹಾಳೆಯಿಂದ ಪ್ರತಿಫಲಿಸುತ್ತಿತ್ತು. ಉಳಿದೆರಡು ಯಂತ್ರಗಳಾದರೋ ಪರದೆಯ ಬೆನ್ನಿಗೆ ಚಿಕ್ಕದೊಂದು ಟ್ಯೂಬ್‌ಲೈಟನ್ನೇ ಹೊತ್ತು ತಿರುಗುತ್ತಿದ್ದುವು. ಆ ದೀಪವು ಉರಿಯುವಷ್ಟು ಹೊತ್ತೂ ಸೆಲ್ಲುಗಳು ಬರಿದಾಗುತ್ತಿದ್ದುವು. ಬಣ್ಣಕ್ಕಾಗಿ ಕೆಂಪು, ಹಸುರು, ನೀಲಿ ಸೋಸುಹಾಳೆಗಳನ್ನು ಸೇರಿಸಿದಾಗ ಬೆಳಕಿನ ಬಹುಭಾಗವು ಅಲ್ಲಿಯೇ ನಷ್ಟವಾಗುವುದರಿಂದ ದೀಪವಿಲ್ಲದೆ ಅವುಗಳಿಗೆ ಗತಿಯೂ ಇರಲಿಲ್ಲ.

ಇದರ ಪರಿಣಾಮವನ್ನು ಗಣಿತದ ಹುಡುಗರೇ ಲೆಕ್ಕ ಹಾಕಲಿ. ‘ಗೇಮ್ ಬಾಯ್’ ಯಂತ್ರಕ್ಕೆ ನಾಲ್ಕು ಸಣ್ಣ ಸೆಲ್ಲುಗಳು; ಅವು ಸುಮಾರು ಹದಿನೈದು ಗಂಟೆಗಳ ಕಾಲ ಬಾಳುತ್ತಿದ್ದುವು. ಎದುರಾಳಿಗಳಿಗೆ ಆರಾರು ಸೆಲ್ಲುಗಳು. ಅವು ನಾಲ್ಕೈದು ಗಂಟೆಗಳಲ್ಲಿ ಮುಗಿಯುತ್ತಿದ್ದುವು. ಐದು ಗಂಟೆಗಳೆಂದೇ ಉದಾರವಾಗಿ ಹಿಡಿದರೂ ಹದಿನೈದು ಗಂಟೆಗಳ ಆಟಕ್ಕೆ ಹದಿನೆಂಟು ಸೆಲ್ಲುಗಳಾದುವು; ಈ ಕಡೆ ನಾಲ್ಕೇ ನಾಲ್ಕು. ಯಂತ್ರವನ್ನು ಕೊಳ್ಳುವುದು ಒಂದು ಸಲ, ಸೆಲ್ಲುಗಳನ್ನು ಕೊಳ್ಳುವುದು ಪ್ರತಿವಾರ. ಅಂಗಡಿಯಲ್ಲಿ ಐದು ನಿಮಿಷ ನೋಡಿದಾಗ ಕಾಣದಿದ್ದ ಈ ವೆಚ್ಚವು ಮನೆಗೆ ತಂದ ಮೇಲೆ ಕಾಣತೊಡಗಿತು. ಯಂತ್ರದ ನಿಜವಾದ ಬೆಲೆಯು ಅದರ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ನನಗೆ ತೋರದು.

ಆದರೂ ಪ್ರತಿವಾದಿಗಳ ಮಾತನ್ನು ತಳ್ಳಿಹಾಕುವಂತಿಲ್ಲ. ಹಸುರು ಪರದೆಯಲ್ಲಿ ಚಿತ್ರವು ವೇಗವಾಗಿ ಚಲಿಸಿದಾಗ ಅದರ ಹಿಂದೆ ಮಸುಕಾದ ನೆರಳು ಎಳೆದುಕೊಂಡು ಹೋಗುತ್ತಿತ್ತು. ಸಂಜೆಯಾದರೆ ಕಿಟಕಿಯ ಬಳಿ ಹೋಗಿ ಕುಳಿತುಕೊಳ್ಳಬೇಕು. ಬಣ್ಣ ಬೇಕು, ಬೆಳಕು ಬೇಕು ಎಂದವರು ಕೇಳಿದುದು ನ್ಯಾಯವಾದುದನ್ನೇ. ನಿಂಟೆಂಡೊ ಸಂಸ್ಥೆಯೇ 1998ರಲ್ಲಿ ಬಣ್ಣವನ್ನೂ, ತನ್ನ ‘ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ’ಯಲ್ಲಿ 2003ರಲ್ಲಿ ಪರದೆಗೆ ಬೆಳಕನ್ನೂ ಒದಗಿಸಿತು. ಅಷ್ಟರೊಳಗೆ ತಂತ್ರವು ಅಗ್ಗವಾಗಿತ್ತು, ದೀಪಗಳು ಮಿತವ್ಯಯಿಗಳಾಗಿದ್ದುವು. ಎಂದ ಮೇಲೆ ಲಿಂಕ್ಸಿನ ಪಕ್ಷಪಾತಿಗಳು ಕೇಳಿದುದು ತಪ್ಪಲ್ಲ. ಹತ್ತು ವರ್ಷ ಮುಂಚಿತವಾಗಿ ಕೇಳಿದರು, ಅಷ್ಟೆ.

ಯಂತ್ರಕ್ಕಿಂತಲೂ ಮುಖ್ಯವಾದುದು ಆಟ. ಅಮೆರಿಕೆಯಲ್ಲಿ ‘ಗೇಮ್ ಬಾಯ್’ ಜೊತೆಗೆ ‘ಟೆಟ್ರಿಸ್’ ಎಂಬ ಆಟವನ್ನು ಕೊಡುತ್ತಿದ್ದರು. ಅದನ್ನು 1984ರಲ್ಲಿ ಮಾಸ್ಕೋ ನಗರದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಅಲೆಕ್ಸಿ ಪಾಜಿಟ್ನೋವ್ ರಚಿಸಿದನು. ಮೇಲಿನಿಂದ ಬೀಳುವ ನಾಲ್ಕು ಚೌಕಗಳ ತುಂಡುಗಳನ್ನು ತಿರುಗಿಸಿ ಸಾಲಾಗಿ ಜೋಡಿಸುವ ಈ ಆಟಕ್ಕೆ ಬಣ್ಣದ ಅಗತ್ಯವೇ ಇಲ್ಲ. ಆಕಾರ ಕಂಡರೆ ಸಾಕು. ಯಂತ್ರದ ಕೊರತೆಯು ಆಟದಲ್ಲಿ ಮುಚ್ಚಿಹೋಯಿತು. ನಮ್ಮ ದೇಶದಲ್ಲಿ 1990ರ ದಶಕದಲ್ಲಿ ಬೀದಿಬದಿಯ ಅಂಗಡಿಗಳಲ್ಲಿ ‘ಬ್ರಿಕ್ ಗೇಮ್’ ಎಂಬ ಅಗ್ಗದ ಆಟಿಕೆಯು ಮಾರಾಟವಾಗುತ್ತಿದ್ದುದು ನಿಮ್ಮ ತಂದೆತಾಯಿಯರಿಗೆ ನೆನಪಿರಬಹುದು. ಅದರಲ್ಲಿ 9999 ಆಟಗಳಿವೆಯೆಂದು ಬರೆದಿರುತ್ತಿತ್ತು. ಆಡುವುದು ಮಾತ್ರ ಇದೇ ಒಂದು ಆಟವನ್ನು.

ಇನ್ನೊಂದು ಗುಣವೆಂದರೆ ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸುವ ಸೌಲಭ್ಯ. ಚೆನ್ನೆಮಣೆಯಲ್ಲಿ ಎದುರಿಗೆ ಇನ್ನೊಬ್ಬರು ಕುಳಿತರೆ ತಾನೆ ಆಟಕ್ಕೆ ಕಳೆ? ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಕೂಡಿಡುತ್ತಿದ್ದ ಸತೋಶಿ ತಾಜಿರಿ ಎಂಬವನಿಗೆ ಈ ತಂತಿಯನ್ನು ಕಂಡಾಗ ಹುಳುಗಳು ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಿದುಹೋಗುವಂತೆ ಕಲ್ಪನೆಯಾಯಿತಂತೆ. ಆ ಕಲ್ಪನೆಯೇ 1996ರಲ್ಲಿ ‘ಪೋಕೆಮಾನ್’ ಆಗಿ ಹೊರಬಂದಿತು. ಒಬ್ಬನ ಬಳಿಯಲ್ಲಿರುವ ಪ್ರತಿಯೊಂದರಲ್ಲೇ ಎಲ್ಲ ಪ್ರಾಣಿಗಳೂ ದೊರೆಯವು. ಗೆಳೆಯನೊಡನೆ ವಿನಿಮಯ ಮಾಡಿಕೊಳ್ಳಲೇಬೇಕು.

ಗಟ್ಟಿತನದ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. 1990-91ರ ಕೊಲ್ಲಿ ಯುದ್ಧದಲ್ಲಿ ಸುಟ್ಟು ಕರಗಿದ ಹೊರಕವಚದ ‘ಗೇಮ್ ಬಾಯ್’ ಒಂದು ಇನ್ನೂ ನಡೆಯುತ್ತಿದ್ದುದನ್ನು ನ್ಯೂಯಾರ್ಕಿನ ನಿಂಟೆಂಡೊ ಮಳಿಗೆಯಲ್ಲಿ ಬಹುಕಾಲ ಪ್ರದರ್ಶನಕ್ಕಿಟ್ಟಿದ್ದರು. 1993ರಲ್ಲಿ ರಷ್ಯದ ಗಗನಯಾತ್ರಿ ಅಲೆಕ್ಸಾಂಡರ್ ಸೆರೆಬ್ರೋವ್ ಒಂದನ್ನು ಅಂತರಿಕ್ಷಕ್ಕೂ ಒಯ್ದಿದ್ದನು. ಬಣ್ಣದ ಆವೃತ್ತಿಯನ್ನೂ ಸೇರಿಸಿ ‘ಗೇಮ್ ಬಾಯ್’ ಯಂತ್ರಗಳು 11 ಕೋಟಿ 86 ಲಕ್ಷಕ್ಕೂ ಮಿಕ್ಕಿ ಮಾರಾಟವಾದುವು. ‘ಗೇಮ್ ಗಿಯರ್’ ಸುಮಾರು ಒಂದು ಕೋಟಿಗೆ ನಿಂತಿತು. ‘ಲಿಂಕ್ಸ್’ ಅದಕ್ಕಿಂತಲೂ ಎಷ್ಟೋ ಕೆಳಗೆ ಉಳಿಯಿತು.

ಹಾಗೆಂದು ಯೊಕೊಯಿಯ ಸೂತ್ರವನ್ನು ತಾರಕಮಂತ್ರವೆಂದು ಜಪಿಸಬಾರದು. ಅವನೇ ರಚಿಸಿದ ‘ವರ್ಚುವಲ್ ಬಾಯ್’ 1995ರಲ್ಲಿ ಬಂದಿತು. ಅಗ್ಗದ ಕೆಂಪು ದೀಪಗಳಿಂದ ಕೆಂಪು-ಕಪ್ಪಿನ ಚಿತ್ರವನ್ನು ಮಾತ್ರ ತೋರಿಸುತ್ತಿದ್ದ ಆ ಯಂತ್ರವನ್ನು ಜನರು ಮೆಚ್ಚಲಿಲ್ಲ. ಅದು ಬಹುಬೇಗ ಮರೆಯಾಯಿತು.

ಈಗ ‘ಸ್ವಿಚ್ 2’ ಯಂತ್ರವನ್ನು ಇದೇ ತಕ್ಕಡಿಯಲ್ಲಿಡೋಣ. ಅದರ ಪರದೆಯಲ್ಲಿ 1920 ಅಡ್ಡಕ್ಕೆ, 1080 ಉದ್ದಕ್ಕೆ ಚುಕ್ಕೆಗಳಿವೆ. ‘ಗೇಮ್ ಬಾಯ್’ ಪರದೆಯಲ್ಲಿದ್ದುವು 160 ಮತ್ತು 144. ಗುಣಿಸಿ ಭಾಗಿಸಿ ನೋಡಿದರೆ ಸರಿಯಾಗಿ ತೊಂಬತ್ತು ಪಟ್ಟು. ಮೂಲೆಯಿಂದ ಮೂಲೆಗೆ ಅಳೆದರೆ 7.9 ಅಂಗುಲ. 2021ರ ‘ಸ್ವಿಚ್’ ಆವೃತ್ತಿಯೊಂದರಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುವ ಉತ್ತಮ ಪರದೆಯಿದ್ದುದರಿಂದ ಇದರಲ್ಲಿ ಮತ್ತೆ ದ್ರವಸ್ಫಟಿಕದ ಪರದೆಯನ್ನೇಕೆ ಹಾಕಿದರೆಂದು ಹಲವರು ಆಕ್ಷೇಪಿಸಿದರು. ಬೆಲೆಯ ಒತ್ತಡ ಎಂಬುದೇ ನನ್ನ ಊಹೆ. ಆದರೂ ಅಮೆರಿಕೆಯಲ್ಲಿ ಬಿಡುಗಡೆಯ ಬೆಲೆ ಸುಮಾರು 450 ಡಾಲರ್ ಆಗಿತ್ತು. 2017ರಲ್ಲಿ ಮೊದಲ ‘ಸ್ವಿಚ್’ ಬಂದಾಗ ಅದು 300 ಡಾಲರ್. ಬ್ಯಾಟರಿಯು ಆಟಕ್ಕನುಸಾರವಾಗಿ ಎರಡರಿಂದ ಆರೂವರೆ ಗಂಟೆಗಳವರೆಗೆ ಬರುವುದೆಂದು ಸಂಸ್ಥೆಯೇ ಹೇಳುತ್ತದೆ. ಮರುಪೂರಣ ಮಾಡಬಹುದಾದುದರಿಂದ ಹದಿನೆಂಟು ಸೆಲ್ಲುಗಳ ಖರ್ಚಿಲ್ಲವೆಂಬುದು ನಿಜ; ಆದರೆ ಎರಡು ಗಂಟೆಗಳೆಂದರೆ ಪುಣೆಯಿಂದ ಮುಂಬಯಿಗೆ ಬರುವ ರೈಲಿನಲ್ಲಿ ಕಲ್ಯಾಣವು ಸಮೀಪಿಸುವಷ್ಟರಲ್ಲೇ ಆಟ ಮುಗಿದಂತೆ. ಹಳೆಯ ‘ಸ್ವಿಚ್’ ಯಂತ್ರದ ಬಹುಪಾಲು ಆಟಗಳು ಇದರಲ್ಲಿಯೂ ನಡೆಯುತ್ತವೆಂಬುದು ದೊಡ್ಡ ಗುಣ. ಕೂಡಿಟ್ಟ ಆಟಗಳು ವ್ಯರ್ಥವಾಗುವುದಿಲ್ಲ.

ನನಗೆ ಹೆಚ್ಚು ಚಿಂತೆಯುಂಟುಮಾಡುವುದು ಪರದೆಯಲ್ಲ, ಬಿಲ್ಲೆ. ‘ಸ್ವಿಚ್ 2’ರ ಕೆಲವು ಆಟಗಳನ್ನು ‘ಗೇಮ್ ಕೀ ಕಾರ್ಡ್’ ಎಂಬ ರೂಪದಲ್ಲಿ ಮಾರುತ್ತಾರೆ. ಇಂತಹ ಬಿಲ್ಲೆಯೊಳಗೆ ಆಟವಿರುವುದಿಲ್ಲ, ಬೀಗದ ಕೈ ಮಾತ್ರ ಇರುತ್ತದೆ. ಆಟವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಆಮೇಲೆಯೂ ಆಡುವಾಗಲೆಲ್ಲ ಬಿಲ್ಲೆಯನ್ನು ಯಂತ್ರದಲ್ಲಿಟ್ಟಿರಬೇಕು. ಬಿಲ್ಲೆಯನ್ನು ಗೆಳೆಯನಿಗೆ ಎರವಲು ಕೊಡಬಹುದೆಂಬುದು ಒಂದು ಸಮಾಧಾನ. ಆದರೆ ಅವನೂ ತನ್ನ ಮನೆಯ ಇಂಟರ್ನೆಟ್ ಖರ್ಚಿನಲ್ಲಿ ಆಟವನ್ನೆಲ್ಲ ಇಳಿಸಿಕೊಳ್ಳಬೇಕು. 1989ರ ಟೆಟ್ರಿಸ್ ಬಿಲ್ಲೆಯನ್ನು ಇಂದಿಗೂ ಹಳೆಯ ‘ಗೇಮ್ ಬಾಯ್’ ಒಳಗೆ ತುರುಕಿ, ನಾಲ್ಕು ಸೆಲ್ಲುಗಳನ್ನು ಹಾಕಿ, ಯಾರ ಅಪ್ಪಣೆಯನ್ನೂ ಕೇಳದೆ ಆಡಬಹುದು. ಬೀಗದ ಕೈಯನ್ನು ಮಾತ್ರ ಕೊಂಡವನು ಆಟವನ್ನು ಬಡಿಸುವ ದೂರದ ಗಣಕಗಳು ಎಷ್ಟು ಕಾಲ ತೆರೆದಿರುವುವೆಂದು ಕೇಳಬೇಕಾಗುತ್ತದೆ. ‘ಸ್ವಿಚ್ 2’ರ ಪರವಾಗಿ ವಾದಿಸುವವರು ಈ ಪ್ರಶ್ನೆಗೆ ಉತ್ತರವನ್ನು ಸಿದ್ಧಪಡಿಸಿಕೊಂಡೇ ಚರ್ಚೆಗೆ ಬರುವುದು ಒಳ್ಳೆಯದು.